ಖಾಡಿ ದಾಟುವಷ್ಟು ಉಸಿರು

ಗದಗ

"ಮುಂಬೈಕ ಹೋಗಿ ಸಮುದ್ರ ನೋಡಿದ್ಯೋ ಇಲ್ಲೋ?" ಎಂದು ನಮ್ಮ ಓಣಿಯವರು ಕೇಳುತ್ತಾರೆ. ನೋಡಲಿಲ್ಲ ಎಂದರೆ ಒಬ್ಬರೂ ನಂಬುವುದಿಲ್ಲ. ಹದಿನೈದು ದಿನ ಅಲ್ಲಿದ್ದು ಸಮುದ್ರ ನೋಡದೆ ಬಂದವನ ತಲೆ ನೆಟ್ಟಗಿಲ್ಲ ಎನ್ನುವ ಹಾಗೆ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ನೋಡಿದ್ದು ಖಾಡಿ. ಖಾಡಿ ಎಂದರೆ ಸಮುದ್ರ ಊರೊಳಕ್ಕೆ ನುಗ್ಗಿ ನಿಂತ ಅಗಲವಾದ ಕೆಸರು ನೀರು. ಅದರ ಮೇಲೆ ರೈಲಿನ ಸೇತುವೆಯಿದೆ. ಆ ಸೇತುವೆಯನ್ನು ದಿನಕ್ಕೆ ಎರಡು ಸಲ ದಾಟಿದ್ದೇ ನನ್ನ ಪ್ರವಾಸ. ಗದಗ ಬಿಟ್ಟು ಹುಬ್ಬಳ್ಳಿಯಾಚೆ ಹೋದದ್ದು ಕಡಿಮೆಯಾದ ನನಗೆ ಅದೇ ಪರದೇಶ.

ನಾನು ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವನು. ರಂಗದ ಪಕ್ಕದ ಪರದೆಯ ಸಂದಿಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತವರಿಗೆ ಮೆಲ್ಲಗೆ ಎತ್ತಿಕೊಡುವುದು ನನ್ನ ಕೆಲಸ. ಹುಟ್ಟಿದಾಗಿನಿಂದ ನನ್ನ ಕಾಲು ಒಂದು ಕಡೆ ನಿಂತದ್ದಿಲ್ಲ. ಊಟಕ್ಕೆ ಕುಳಿತರೂ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬರುತ್ತೇನೆ. ಆ ಸಂದಿಯಲ್ಲಿ ಮಾತ್ರ ಮೂರು ತಾಸು ಅಲುಗಾಡದೆ ನಿಲ್ಲುತ್ತಿದ್ದೆ. ಕೊರೊನಾದಲ್ಲಿ ಆಟ ನಿಂತು, ಕಂಪನಿಯ ತಂಬು ಮಳೆಯಲ್ಲಿ ನೆನೆದು ಕೊಳೆತ ಮೇಲೆ ಆ ಜಾಗವೂ ಹೋಯಿತು. ಈಗ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕುಳಿತು ಯಾವ ಬಸ್ಸು ಯಾವಾಗ ಎಂದು ಕೂಗುತ್ತೇನೆ. ಮೂವತ್ತು ವರ್ಷ ಪಿಸುಗುಟ್ಟಿದವನಿಗೆ ದೇವರು ಇಂಥ ಕೆಲಸ ಹುಡುಕಿಕೊಟ್ಟ.

ಅಂಥದ್ದರಲ್ಲಿ ಒಂದು ದಿನ ಚೆಂಬೂರಿನಿಂದ ಫೋನ್ ಬಂತು.

"ನಮಸ್ಕಾರ ಮಾಸ್ತರ್ರೆ, ನಾನು ಸುಧಾಕರ ಅಂತ. ನೆನಪು ಉಂಟಾ? ನಿಮ್ಮ ದೇಸಾಯಿ ನಾಟಕ ನಾವಿಲ್ಲಿ ಸಂಘದಲ್ಲಿ ಆಡ್ತಾ ಇದ್ದದ್ದು."

ನೆನಪಿತ್ತು. ಬಹಳ ವರ್ಷಗಳ ಹಿಂದೆ ನಮ್ಮ ಮಾಲೀಕರು ಬರೆದ ನಾಟಕವನ್ನು ಈ ಉಡುಪಿ ಕಡೆಯ ಮನುಷ್ಯ ಗದಗಕ್ಕೇ ಬಂದು ಕೈಯಲ್ಲಿ ನಕಲು ಮಾಡಿಕೊಂಡು ಹೋಗಿದ್ದ. ಆಮೇಲೆ ವರ್ಷಕ್ಕೊಮ್ಮೆ ಮುಂಬೈಯಲ್ಲಿ ದೇಸಾಯಿಯ ಪಾತ್ರ ತಾನೇ ಮಾಡುತ್ತಿದ್ದ. ಕೊರೊನಾದಲ್ಲಿ ಸಂಘದ ಕೋಣೆಯನ್ನು ರೇಷನ್ ಮೂಟೆ ಇಡಲು ಬಿಟ್ಟುಕೊಟ್ಟರಂತೆ. ಕಪಾಟು ಖಾಲಿ ಮಾಡಿದವರು ನಾಟಕದ ನಕಲನ್ನೂ ರದ್ದಿಗೆ ಹಾಕಿದರಂತೆ. ಈಗ ಅಲ್ಲಿಯ ಒಂದು ಟ್ರಸ್ಟು, ಆ ಕಾಲದಲ್ಲಿ ಬಾಗಿಲು ಹಾಕಿದ ನಾಟಕ ಮಂಡಳಿಗಳನ್ನು ಮತ್ತೆ ಎಬ್ಬಿಸಬೇಕೆಂದು ತನ್ನ ಸಭಾಂಗಣವನ್ನು ಒಂದು ಭಾನುವಾರ ಮಧ್ಯಾಹ್ನ ಬಿಟ್ಟಿಯಾಗಿ ಕೊಡುತ್ತದೆ. ನಾಟಕ ಮೊದಲಿನಿಂದ ಕೊನೆಯವರೆಗೆ ಸರಿಯಾಗಿ ನಡೆದರೆ ಮುಂದೆ ತಿಂಗಳಿಗೊಂದು ದಿನ ಕೊಡುತ್ತದೆ.

"ಪುಸ್ತಕ ಒಂದು ಕೊರಿಯರ್ ಮಾಡಿದ್ರೆ ದೊಡ್ಡ ಉಪಕಾರ" ಎಂದ.

"ಪುಸ್ತಕ ಕೊರಿಯರ್‌ದಾಗ ಬರೂದಿಲ್ರಿ. ಬಂದ್ರ ನನ್ನ ಬಗಲಾಗ ಬರತೈತಿ" ಎಂದೆ.

ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ "ಬನ್ನಿ ಮಾರಾಯ್ರೆ, ಬನ್ನಿ! ಮನೆ ಉಂಟಲ್ಲ" ಎಂದ. ಆ ಮೌನ ನನಗೆ ವಿಚಿತ್ರವೆನಿಸಿತು. ಯೋಚನೆ ಮಾಡುವವನ ಮೌನ ಅದಾಗಿರಲಿಲ್ಲ. ಮೌನಗಳನ್ನು ಕೇಳಿಯೇ ನಾನು ಹೊಟ್ಟೆ ಹೊರೆದದ್ದು.

ಆ ಪುಸ್ತಕದ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಪ್ರಾಂಪ್ಟರನ ಪುಸ್ತಕದಲ್ಲಿ ಎರಡು ಬಣ್ಣದ ಗೆರೆಗಳಿರುತ್ತವೆ. ನಟ ಮಾತು ಮರೆಯುವ ಜಾಗಕ್ಕೆ ನೀಲಿ, ಉಸಿರು ತೆಗೆದುಕೊಳ್ಳಲು ನಿಲ್ಲುವ ಜಾಗಕ್ಕೆ ಕೆಂಪು. ನೀಲಿಯಲ್ಲಿ ತಡಮಾಡದೆ ಎತ್ತಿಕೊಡಬೇಕು. ಕೆಂಪಿನಲ್ಲಿ ಜೀವ ಹೋದರೂ ಬಾಯಿ ತೆರೆಯಬಾರದು. "ಉಸಿರು ತಗೊಳ್ಳಾವಂಗ ಮಾತು ಕೊಟ್ರ ಅವನ ಮಾನ ಕಳದಂಗ" ಎಂದು ನಮ್ಮ ಮಾಲೀಕರು ನನಗೆ ಮೊದಲ ದಿನವೇ ಹೇಳಿದ್ದರು. ಎದುರಿಗೆ ಕುಳಿತ ಜನಕ್ಕೆ ಎರಡೂ ಮೌನ ಒಂದೇ. ನಮಗೆ ಮಾತ್ರ ಬೇರೆ ಬೇರೆ.

ಕುರ್ಲಾ

ದಾದರಿನಲ್ಲಿ ನನ್ನನ್ನು ಇಳಿಸಿಕೊಳ್ಳಲು ಬಂದವನು ಹನುಮಂತ. ವಿಜಯಪುರದ ಕಡೆಯವನು, ನಲವತ್ತರ ಆಸುಪಾಸು, ಧಾರಾವಿಯಲ್ಲಿ ವಾಸ, ಹೊಸ ಕಟ್ಟಡಗಳಿಗೆ ಟೈಲ್ಸ್ ಕೂಡಿಸುವ ಕೆಲಸ. ನಾಟಕದ ಪಂಚಾಯಿತಿಯಲ್ಲಿ ಮುಖ್ಯ ಪಂಚ ಅವನೇ. ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ನನಗೆ ಅರ್ಧ ಜೀವ ಬಂತು.

ಅಲ್ಲಿಂದ ಲೋಕಲ್ ಹತ್ತಿ ಕುರ್ಲಾದಲ್ಲಿ ಬದಲಿಸಬೇಕು. ಹತ್ತುವುದೇನೋ ಹತ್ತಿದೆವು. ಇಳಿಯುವುದು ಹೇಗೆಂದು ನಾನು ಚಡಪಡಿಸತೊಡಗಿದೆ.

"ಮಾಸ್ತರ, ನೀವು ಇಳಿಯೂದು ಬ್ಯಾಡ. ಸುಮ್ಮ ನಿಂದರ್ರಿ. ಅವ್ರ ಇಳಸ್ತಾರ" ಎಂದ ಹನುಮಂತ.

ಹಾಗೇ ಆಯಿತು. ಕುರ್ಲಾ ಬಂದಾಗ ಹಿಂದಿನಿಂದ ಒಂದು ಅಲೆ ಬಂದು ನನ್ನನ್ನು ಎತ್ತಿ ಪ್ಲಾಟ್‌ಫಾರ್ಮಿನ ಮೇಲೆ ಇಟ್ಟಿತು. ನೋಡಿದರೆ ಎಡಗಾಲು ಬರಿದು. ಅಯ್ಯೋ ನನ್ನ ಚಪ್ಪಲಿ ಎಂದು ನಾನು ಕೂಗುವಷ್ಟರಲ್ಲಿ ಗಾಡಿ ಹೊರಟಿತ್ತು. ಬಾಗಿಲಲ್ಲಿ ಜೋತು ನಿಂತಿದ್ದವನೊಬ್ಬ ಬಗ್ಗಿ, ಕಾಲ ಸಂದಿಯಿಂದ ನನ್ನ ಚಪ್ಪಲಿ ಎತ್ತಿ, ಹೊರಕ್ಕೆ ಎಸೆದ. ಅದು ಬಂದು ನನ್ನ ಮುಂದೆಯೇ ಬಿತ್ತು. ಅವನು ನನ್ನ ಮುಖ ಕೂಡ ನೋಡಲಿಲ್ಲ, ಫೋನಿನಲ್ಲಿ ಮಾತಾಡುತ್ತಲೇ ಹೋದ. ನಮ್ಮ ಊರಲ್ಲಾಗಿದ್ದರೆ ನಾಲ್ಕು ಜನ ಸುತ್ತುಗಟ್ಟಿ, ಯಾವ ಅಂಗಡಿಯ ಚಪ್ಪಲಿ, ಎಷ್ಟು ದಿನವಾಗಿತ್ತು, ರೈಲಿನಲ್ಲಿ ಬರುವಾಗ ಬೂಟು ಹಾಕಬಾರದೇ ಎಂದು ಬುದ್ಧಿ ಹೇಳುತ್ತಿದ್ದರು. ಚಪ್ಪಲಿ ಮಾತ್ರ ಸೊಲ್ಲಾಪುರ ಮುಟ್ಟಿರುತ್ತಿತ್ತು.

ಚೆಂಬೂರು

ಸುಧಾಕರಣ್ಣ ಕಾಲನಿಯ ಬಿಲ್ಡಿಂಗಿನ ಕೆಳಗೇ ಕಾಯುತ್ತಿದ್ದ. ಅರವತ್ತು ದಾಟಿದೆ, ಮೈಕಟ್ಟು ಇನ್ನೂ ದೇಸಾಯಿಯದೇ. ನೆರೂಳಿನ ಒಂದು ಹೋಟೆಲಿನ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುತ್ತಾನೆ. ನನ್ನ ಚೀಲ ಹಿಡಿಯಲು ಕೈ ಚಾಚಿದ. ಹನುಮಂತ ಅದನ್ನು ತಟ್ಟನೆ ತಾನೇ ಎತ್ತಿಕೊಂಡ.

ಮನೆ ಎರಡನೆಯ ಮಾಳಿಗೆ. ಮೊದಲ ಮಾಳಿಗೆಯ ತಿರುವಿನಲ್ಲಿ ಒಂದು ನೋಟಿಸ್ ಬೋರ್ಡಿತ್ತು. ಸುಧಾಕರಣ್ಣ ಅಲ್ಲಿ ನಿಂತು ಓದತೊಡಗಿದ. ನಾನು ಮೂರು ಮೆಟ್ಟಿಲು ಮೇಲೆ ಹೋಗಿ, ಕೆಳಗೆ ಬಂದು, ಮತ್ತೆ ಹೋದೆ. ಅವನು ಓದುತ್ತಲೇ ಇದ್ದ. ಸಂಜೆ ಹಾಲು ತರಲು ಹೋಗಿ ಬರುವಾಗಲೂ ಅದನ್ನೇ ಓದಿದ. ಏನದು ಎಂದು ಕೇಳಿದರೆ ನೀರಿನ ಟ್ಯಾಂಕು ತೊಳೆಯುವ ನೋಟಿಸು ಎಂದ. ಅದನ್ನು ಒಬ್ಬ ಮನುಷ್ಯ ಎಷ್ಟು ಸಲ ಓದಬಹುದು!

ಅವನ ಹೆಂಡತಿ ವಸಂತಿಯಕ್ಕ ಗಂಜಿ ಬಡಿಸುವಾಗ ನಾನು ಕೇಳಿಯೇಬಿಟ್ಟೆ. ಆಕೆ ಒಳಗೆ ಗಂಡ ಸ್ನಾನ ಮಾಡುವ ಸದ್ದು ಕೇಳಿಸಿಕೊಂಡು ದನಿ ತಗ್ಗಿಸಿದಳು.

"ಅವರು ಓದುವುದು ಎಂತದೂ ಅಲ್ಲ ಮಾಸ್ತರ್ರೆ. ಆ ಬೋರ್ಡು ಅವರಿಗೆ ಬಾಯಿಪಾಠ. ಉಸಿರು ಸಿಕ್ಕುವುದಿಲ್ಲ. ಕೊರೊನಾದಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದದ್ದೇ ದೇವರು ದೊಡ್ಡವ. ಆದ್ರೆ ಅರ್ಧ ಉಸಿರು ಅಲ್ಲೇ ಬಿಟ್ಟು ಬಂದ್ರು. ಯಾರ ಹತ್ರವೂ ಹೇಳುವುದಿಲ್ಲ. ನೀವೂ ಕೇಳಬೇಡಿ."

ಫೋನಿನಲ್ಲಿ ಕೇಳಿದ ಮೌನ ಯಾವುದೆಂದು ನನಗೆ ಆಗ ತಿಳಿಯಿತು. ಕೆಂಪು ಗೆರೆಯದು.

ದೇಸಾಯಿಯ ಪಾತ್ರದಲ್ಲಿ ಕೊನೆಗೊಂದು ದೊಡ್ಡ ಮಾತಿದೆ. ಬೇರೆ ಜಾತಿಯವನನ್ನು ಮದುವೆಯಾದಳೆಂದು ಮಗಳನ್ನು ಮನೆಯಿಂದ ಹೊರಗೆ ದಬ್ಬಿದ ದೇಸಾಯಿ, ವರ್ಷಗಳ ಮೇಲೆ ಪಂಚಾಯಿತಿಯ ಮುಂದೆ ನಿಂತು, ಊರೆಲ್ಲ ಕೇಳುವ ಹಾಗೆ ಅವಳ ಕ್ಷಮೆ ಕೇಳುತ್ತಾನೆ. ಆರು ನಿಮಿಷದ ಮಾತು. ಗಟ್ಟಿ ಎದೆಯವರೇ ಅಲ್ಲಿ ಬೆವರಿಳಿಸಿದ್ದನ್ನು ನಾನು ಕಂಡಿದ್ದೇನೆ.

ಸ್ನಾನ ಮುಗಿಸಿ ಬಂದ ಸುಧಾಕರಣ್ಣ ಮಂಚದ ಕೆಳಗಿನಿಂದ ತನ್ನ ಬಣ್ಣದ ಪೆಟ್ಟಿಗೆ ಎಳೆದು ತೋರಿಸಿದ. ತಗಡಿನ ಪೆಟ್ಟಿಗೆ, ಒಳಗೆ ಮೀಸೆ, ರುಮಾಲು, ಒಣಗಿದ ಬಣ್ಣ.

"ನೋಡಿ ಮಾಸ್ತರ್ರೆ, ಆ ಮಾತನ್ನು ಸ್ಟೇಜಿನ ಮೇಲೆ ಒಮ್ಮೆ ಕೊನೆವರೆಗೆ ಹೇಳಿದೆ ಅಂತಾದ್ರೆ ನಾನು ಹುಷಾರಾದೆ ಅಂತ ಅರ್ಥ. ಆಗದಿದ್ರೆ ಈ ಪೆಟ್ಟಿಗೆ ಹನುಮಂತನಿಗೆ. ಮತ್ತೆ ನಾಟಕದ ಹೆಸರು ಎತ್ತುವುದಿಲ್ಲ."

ವಸಂತಿಯಕ್ಕ ಅಡುಗೆಮನೆಯಲ್ಲಿ ಪಾತ್ರೆಯನ್ನು ಜೋರಾಗಿ ಕುಕ್ಕಿದಳು.

"ಅದಿರಲಿ, ರಿಹರ್ಸಲ್ ಎಲ್ಲಿ?" ಎಂದೆ. ಸಂಘದ ಕೋಣೆ ಟ್ಯೂಷನ್ ಕ್ಲಾಸಿನವರ ಪಾಲಾಗಿತ್ತು.

"ಎಂಟೂ ಹತ್ತರ ಪನ್ವೇಲ್ ಗಾಡಿಯಲ್ಲಿ."

ತಮಾಷೆಗೆ ಹೇಳಿದ ಎಂದುಕೊಂಡೆ.

ವಾಶಿ ಖಾಡಿ

ತಮಾಷೆಯಲ್ಲ. ಬೆಳಿಗ್ಗೆ ಜನವೆಲ್ಲ ಮುಂಬೈ ಕಡೆಗೆ ನುಗ್ಗುವಾಗ ಇವರದು ಊರ ಹೊರಗಿನ ಕೆಲಸ, ಅಂದರೆ ಉಲ್ಟಾ ದಾರಿ. ಆದ್ದರಿಂದ ಡಬ್ಬಿಯಲ್ಲಿ ನಿಲ್ಲಲು ಜಾಗ ಸಿಗುತ್ತದೆ. ಮುಂದಿನಿಂದ ಮೂರನೆಯ ಡಬ್ಬಿ ಇವರ ರಂಗಮಂದಿರ. ಕುರ್ಲಾದಲ್ಲಿ ಹನುಮಂತ ಹತ್ತುತ್ತಾನೆ, ಪಂಚರಾಗುವ ಇನ್ನು ಮೂವರು ಹೋಟೆಲಿನವರು ಹತ್ತುತ್ತಾರೆ. ವಿಕ್ರೋಳಿಯಿಂದ ಬಂದು ಗಾಡಿ ಬದಲಿಸುವ ಶ್ರೇಯಾ ಹತ್ತುತ್ತಾಳೆ. ಅವಳು ಮಗಳ ಪಾತ್ರದವಳು, ಇಪ್ಪತ್ತೈದರ ಹುಡುಗಿ, ವಾಶಿಯಲ್ಲಿ ಆಫೀಸು. ಕನ್ನಡ ಚೆನ್ನಾಗಿ ತಿಳಿಯುತ್ತದೆ, ನಾಲಿಗೆ ಮಾತ್ರ ಹಿಂದಿಯ ಕಡೆಗೇ ಜಾರುತ್ತದೆ. ಮೊದಲ ಅಂಕ ಕುರ್ಲಾದಲ್ಲಿ ಶುರು. ದೇಸಾಯಿಯ ಪ್ರವೇಶ ಚೆಂಬೂರಿನಲ್ಲಿ. ಗೋವಂಡಿ ಬರುವಷ್ಟರಲ್ಲಿ ಮಗಳು ಮನೆ ಬಿಟ್ಟಿರುತ್ತಾಳೆ. ಮಾನ್ಖುರ್ದ್ ದಾಟಿದ ಮೇಲೆ ಖಾಡಿ. ವಾಶಿಯವರೆಗೆ ಬಹಳ ಹೊತ್ತು ಒಂದೂ ಸ್ಟೇಷನ್ನಿಲ್ಲ. ಆ ದೊಡ್ಡ ಮಾತು ಅಲ್ಲಿ.

ನೋಡುತ್ತಾ ನೋಡುತ್ತಾ ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಒಬ್ಬೊಬ್ಬರೂ ಬಲಗೈ ಎತ್ತಿ ಮೇಲಿನ ಹಿಡಿಕೆ ಹಿಡಿದೇ ಮಾತಾಡುತ್ತಾರೆ. ಅಳುವಾಗಲೂ ಕೈ ಮೇಲೆ, ಆಶೀರ್ವಾದ ಮಾಡುವಾಗಲೂ ಕೈ ಮೇಲೆ. ಗಾಡಿಯ ಜೊತೆ ಎಡಕ್ಕೆ ಬಲಕ್ಕೆ ತೂಗುತ್ತಾರೆ. "ಪುಢೀಲ ಸ್ಟೇಶನ್" ಎಂದು ಮೇಲಿನ ಸ್ಪೀಕರು ಮುಂದಿನ ಸ್ಟೇಷನ್ನಿನ ಹೆಸರು ಹೇಳತೊಡಗಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮರಾಠಿ, ಹಿಂದಿ, ಇಂಗ್ಲಿಷ್ ಮೂರೂ ಮುಗಿಯುವವರೆಗೆ ಎಲ್ಲರೂ ಕೈ ಮೇಲೆತ್ತಿಕೊಂಡು, ಇದ್ದ ಭಾವದಲ್ಲೇ ಇದ್ದು, ತೂಗುತ್ತಾರೆ. ಮುಗಿದ ಕೂಡಲೇ ಬಿಟ್ಟ ಅಕ್ಷರದಿಂದ ಎತ್ತಿಕೊಳ್ಳುತ್ತಾರೆ.

"ಏನ್ರಿದು! ಪಂಚಾಯ್ತಿ ಐತೋ ಜೋಕಾಲಿ ಐತೋ?" ಎಂದು ಕಿರುಚಿದೆ. "ಸ್ಟೇಜ್ ಮ್ಯಾಲೆ ಹಿಡಕಿ ಎಲ್ಲಿಂದ ತರ್ತೀರಿ?"

"ಅಂಕಲ್, ಮೈ ಟ್ರೈ ಕರ್ ರಹೀ ಹೂಂ ನಾ" ಎಂದಳು ಶ್ರೇಯಾ. "ಆದ್ರೆ ಕೈ ಅಪ್ನೇ ಆಪ್ ಮೇಲೆ ಹೋಗ್ತದೆ."

ಡಬ್ಬಿಯಲ್ಲಿ ಇವರಿಗೆ ಕಾಯಂ ಪ್ರೇಕ್ಷಕರೂ ಇದ್ದರು. ಕಿಟಕಿಯ ಪಕ್ಕ ಕೂರುವ ಬಿಳಿ ಟೋಪಿಯ ಮರಾಠಿ ಕಾಕಾ ಅವರಲ್ಲಿ ಮುಖ್ಯರು. ಕನ್ನಡದ ಒಂದಕ್ಷರ ಬಾರದು. ಆದರೆ ಎಲ್ಲಿ ನಗಬೇಕು, ಎಲ್ಲಿ ಕಣ್ಣೊರೆಸಬೇಕು ಎಂಬುದೆಲ್ಲ ಗೊತ್ತು.

ಮಾನ್ಖುರ್ದ್ ದಾಟಿತು. ಕಿಟಕಿಯಾಚೆ ಕೆಸರಿನಲ್ಲಿ ಬೇರೂರಿ ನಿಂತ ಕಾಂಡ್ಲಾ ಗಿಡಗಳು ಮುಗಿದು ನೀರು ಬಂತು. ಸುಧಾಕರಣ್ಣ ಶುರು ಮಾಡಿದ. "ಪಂಚರೇ, ಈ ಕೈ ನೋಡಿರಿ! ಹೆತ್ತ ಮಗಳನ್ನು ಹೊಸ್ತಿಲಾಚೆ ದಬ್ಬಿದ ಕೈ ಇದು..." ಎಂಥ ಕಂಠ! ನನ್ನ ಹೊಟ್ಟೆಯೊಳಗೆ ಹಳೆಯ ತಂಬಿನ ದೀಪಗಳೆಲ್ಲ ಹೊತ್ತಿಕೊಂಡವು. ಮೂರನೆಯ ನಿಮಿಷಕ್ಕೆ ತಡವರಿಸಿದ. ಗಾಡಿಯ ಸದ್ದಿನಲ್ಲಿ ನನಗೆ ಅವನ ಎದೆ ಕೇಳಿಸಲಿಲ್ಲ. ಪುಸ್ತಕದಲ್ಲಿ ಅಲ್ಲಿ ಯಾವ ಗೆರೆಯೂ ಇರಲಿಲ್ಲ. ನಾನು ಮುಂದಿನ ಮಾತು ಎತ್ತಿಕೊಟ್ಟೆ.

ಅವನ ಮುಖ ಕೆಂಪಾಯಿತು.

"ಮಾತು ಮರೆತಿಲ್ಲ ಮಾರಾಯ್ರೆ, ಉಸಿರು ಬರ್ಲಿಲ್ಲ! ಉಸಿರನ್ನೂ ನೀವೇ ಹೇಳಿಕೊಡ್ತೀರಾ?"

ಅಷ್ಟು ಹೇಳಿ ಬಾಗಿಲಿನ ಹತ್ತಿರ ಹೋಗಿ ನೀರು ನೋಡುತ್ತಾ ನಿಂತ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮೂವತ್ತು ವರ್ಷದಲ್ಲಿ ಮಾಡದ ತಪ್ಪು ಅದು. ಆಗ ಕಿಟಕಿಯ ಕಾಕಾ ನನ್ನ ಮೊಣಕೈ ಮುಟ್ಟಿ, "ಅರೆ ಮಾಸ್ತರ್, ರುಕೋ ನಾ. ಖಾಡಿ ಅಭೀ ಬಾಕೀ ಹೈ" ಎಂದರು. ನಿಜ, ಸೇತುವೆ ಇನ್ನೂ ಅರ್ಧ ಉಳಿದಿತ್ತು.

ನೆರೂಳಿನಲ್ಲಿ ಉಳಿದವರನ್ನೆಲ್ಲ ಇಳಿಸಿ ನಾನೊಬ್ಬನೇ ಹಿಂತಿರುಗಬೇಕು. ಮುಂಬೈ ಕಡೆಯ ಗಾಡಿಗಳು ಉಸಿರುಗಟ್ಟುವಷ್ಟು ತುಂಬಿ ಬರುತ್ತಿದ್ದವು. ಮೂರು ಗಾಡಿ ಬಿಟ್ಟೆ. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ತಿರುಗಿದೆ. ನಾಲ್ಕು ವರ್ಷಕ್ಕೂ ಮೇಲಾಯಿತು ಯಾರಿಗೂ ಮಾತು ಎತ್ತಿಕೊಡದೆ. ಮೈಕಿನಲ್ಲಿ ಕೂಗಿ ಕೂಗಿ ನನ್ನ ಕಿವಿಯೇ ಕೆಟ್ಟಿರಬೇಕು ಎಂಬ ಭಯ ಹತ್ತಿತು. ಕಿವಿ ಕೆಟ್ಟ ಪ್ರಾಂಪ್ಟರ್ ಯಾರಿಗೆ ಬೇಕು?

ಧಾರಾವಿ

ಕೈ ಇಳಿಸುವುದು ಹೇಗೆ ಎಂಬುದಕ್ಕೆ ಉಪಾಯ ಹುಡುಕಿದವನು ಹನುಮಂತ. ಶನಿವಾರ ಮಧ್ಯಾಹ್ನ ಎಲ್ಲರನ್ನೂ ಧಾರಾವಿಯ ತನ್ನ ಕೋಣೆಗೆ ಕರೆದ. ಕೆಳಗೆ ಚರ್ಮದ ಚೀಲ ಹೊಲಿಯುವ ಕಾರ್ಖಾನೆ, ಕಬ್ಬಿಣದ ಏಣಿ ಹತ್ತಿದರೆ ಇವನ ಕೋಣೆ. ಗಲ್ಲಿ ಎಷ್ಟು ಕಿರಿದೆಂದರೆ ಎದುರಿನಿಂದ ಮೂಟೆ ಹೊತ್ತವರು ಬಂದರೆ ಯಾರದಾದರೂ ಮನೆಯೊಳಗೆ ಹೊಕ್ಕು ದಾರಿ ಬಿಡಬೇಕು. ನಾನು ಹೊಕ್ಕ ಮನೆಯವರು ಊಟ ಮಾಡುತ್ತಿದ್ದರು. "ಬೈಠೋ" ಎಂದರು, ಯಾರು ಏನು ಎಂದು ಕೇಳಲಿಲ್ಲ.

ಹನುಮಂತನ ಕೋಣೆಯ ಸೂರು ನನ್ನ ತಲೆಗಿಂತ ನಾಲ್ಕು ಬೆರಳು ಮೇಲೆ.

"ಇಲ್ಲಿ ಕೈ ಎತ್ತರಿ ನೋಡೂಣು" ಎಂದು ನಕ್ಕ.

ಎತ್ತಿದರು. ಎತ್ತಿದಾಗಲೆಲ್ಲ ತಗಡಿಗೆ ಬೆರಳು ಬಡಿಯಿತು. ಮೊದಲ ಅಂಕ ಮುಗಿಯುವಷ್ಟರಲ್ಲಿ ಶ್ರೇಯಾ ಬೆರಳು ಬಾಯಲ್ಲಿಟ್ಟುಕೊಂಡು ಕೂತಿದ್ದಳು. ಆದರೂ ಕೈಗಳು ಕೆಳಗಿಳಿದವು. ನನಗೆ ಗೆದ್ದ ಹಿಗ್ಗು. ಹನುಮಂತನ ಕೋಣೆಯವರು ಮಾಡಿದ ಜೋಳದ ರೊಟ್ಟಿ, ಪುಂಡಿಪಲ್ಲೆ ತಿಂದೆ. ಒಂದು ವಾರದ ಗಂಜಿಯ ಮೇಲೆ ಅದು ಅಮೃತವಾಗಿತ್ತು. ತಾಯಾಣೆ, ಕಣ್ಣಲ್ಲಿ ನೀರು ಬಂತು.

ಹಿಗ್ಗಿನಲ್ಲಿ ನಾನು ಬಾಯಿ ಜಾರಿಸಿದೆ. "ಸುಧಾಕರಣ್ಣಾರ, ಆ ಮಾತು ಎರಡು ತುಂಡು ಮಾಡೂಣೇನ್ರಿ? ನಡುವ ಮಗಳಿಗೆ ಒಂದು ಮಾತು ಹಾಕಿದ್ರ ನಿಮಗ ವಿಶ್ರಾಂತಿ ಸಿಗತೈತಿ."

ಸುಧಾಕರಣ್ಣ ರೊಟ್ಟಿಯ ತಾಟನ್ನು ಕೆಳಗಿಟ್ಟ.

"ಆಸ್ಪತ್ರೆಯಲ್ಲಿ ಮೂಗಿಗೆ ಪೈಪ್ ಹಾಕಿ ಮಲಗಿಸಿದ್ರಲ್ಲ, ಆಗ ನಾನು ಮನಸ್ಸಲ್ಲೇ ಆ ಮಾತು ಹೇಳ್ತಾ ಇದ್ದೆ. ಪಕ್ಕದ ಮಂಚದವ ಹೋದ. ಅದರ ಪಕ್ಕದವನೂ ಹೋದ. ನಾನು ಇದು ಮುಗಿಯುವವರೆಗೆ ಹೋಗುವುದಿಲ್ಲ ಅಂತ ಮತ್ತೆ ಮೊದಲಿಂದ ಶುರು ಮಾಡ್ತಿದ್ದೆ. ಅದನ್ನು ತುಂಡು ಮಾಡ್ತೀರಾ? ನಿಮಗೆ ನಿಮ್ಮ ಪುಸ್ತಕ ಎಷ್ಟೋ, ನನಗೆ ಆ ಮಾತು ಅಷ್ಟು."

ಕೆಳಗೆ ಹೊಲಿಗೆ ಮಷೀನುಗಳು ಓಡುತ್ತಿದ್ದವು. ತಪ್ಪಾಯಿತು ಎಂದೆ. ಅವನು ತಾಟು ಎತ್ತಿಕೊಂಡು, "ರೊಟ್ಟಿ ಒಳ್ಳೇದುಂಟು" ಎಂದಷ್ಟೇ ಹೇಳಿದ.

ಸೋಮವಾರ ಎಂಟೂ ಹತ್ತರ ಗಾಡಿ ಹತ್ತಿದೆವು. ಕೈಗಳೆಲ್ಲ ಮತ್ತೆ ಮೇಲೆ. ಶನಿವಾರದ ಪಾಠ ಗಾಡಿಯ ಮೊದಲ ಕುಲುಕಿಗೇ ಉದುರಿಹೋಗಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ನಾನು ಹಣೆ ಬಡಿದುಕೊಂಡೆ. ಶನಿವಾರದವರೆಗೆ ಆರು ದಿನವೂ ಬೈಯುವುದೇ ನನ್ನ ಕೆಲಸವಾಯಿತು. ಸುಧಾಕರಣ್ಣ ಒಂದು ದಿನ ಖಾಡಿ ಪೂರ್ತಿ ದಾಟಿದ, ಎರಡು ದಿನ ನಡುವೆ ನಿಂತ. ಮೂರು ದಿನ ಆ ಮಾತನ್ನು ಶುರು ಮಾಡಲೇ ಇಲ್ಲ. ಹೋಟೆಲಿನ ಲೆಕ್ಕ ನೆನಪಾಯಿತು ಎಂದು ಏನೋ ನೆಪ ಹೇಳಿದ. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ.

ಭಾನುವಾರ

ಟ್ರಸ್ಟಿನ ಸಭಾಂಗಣ ಚೆಂಬೂರಿನಲ್ಲೇ, ಮನೆಯಿಂದ ಹತ್ತು ನಿಮಿಷದ ದಾರಿ. ಮಧ್ಯಾಹ್ನ ಮೂರಕ್ಕೆ ಆಟ. ಹೋಟೆಲಿನವರು ಮಧ್ಯಾಹ್ನದ ಊಟದ ಗಡಿಬಿಡಿ ಮುಗಿಸಿ, ಅಂಗಿ ಬದಲಿಸಿ ಓಡಿಬಂದರು. ಧಾರಾವಿಯಿಂದ ಹನುಮಂತನ ಕಡೆಯವರು ಎರಡು ಸಾಲು ತುಂಬಿದರು. ಮೊದಲ ಸಾಲಿನಲ್ಲಿ ವಸಂತಿಯಕ್ಕ, ಪಕ್ಕದಲ್ಲಿ ಟ್ರಸ್ಟಿನವರು. ಮೂರನೆಯ ಸಾಲಿನಲ್ಲಿ ಬಿಳಿ ಟೋಪಿಯ ಕಾಕಾ ಹೆಂಡತಿಯನ್ನು ಕರೆತಂದು, ನಾಟಕ ಶುರುವಾಗುವ ಮೊದಲೇ ಆಕೆಗೆ ಕಥೆ ಹೇಳುತ್ತಿದ್ದರು.

ನಾನು ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಗ್ರೀನ್ ರೂಮಿಗೂ ರಂಗಕ್ಕೂ ನೂರು ಸಲ ತಿರುಗಿದ್ದೆ. ಸುಧಾಕರಣ್ಣ ಮೀಸೆ ಅಂಟಿಸಿಕೊಳ್ಳುತ್ತಾ, "ಕೂತ್ಕೊಳ್ಳಿ ಮಾರಾಯ್ರೆ, ನಿಮ್ಮನ್ನು ನೋಡಿಯೇ ನನಗೆ ದಮ್ಮು ಹತ್ತುವುದು" ಎಂದ. ಬೆಲ್ ಆಯಿತು. ಪರದೆಯ ಸಂದಿಗೆ ಹೋಗಿ ಪುಸ್ತಕ ತೆರೆದೆ. ಕಾಲು ತಾನಾಗಿಯೇ ನಿಂತಿತು.

ಮೊದಲ ಎರಡು ಅಂಕ ಚೆನ್ನಾಗಿಯೇ ಆದವು. ಕೈಗಳೂ ಕೆಳಗಿದ್ದವು. ಶ್ರೇಯಾ ಎರಡು ಕಡೆ ಮರೆತಳು, ಎತ್ತಿಕೊಟ್ಟೆ, ಯಾರಿಗೂ ತಿಳಿಯಲಿಲ್ಲ. ನನ್ನ ಕಿವಿ ಕೆಟ್ಟಿರಲಿಲ್ಲ.

ಪಂಚಾಯಿತಿ ಬಂತು. ಸುಧಾಕರಣ್ಣ ನಡುವೆ ನಿಂತ. ಸಂದಿಯಿಂದ ನನಗೆ ಕಾಣುವುದು ಅವನ ಬೆನ್ನು ಮಾತ್ರ. "ಪಂಚರೇ, ಈ ಕೈ ನೋಡಿರಿ!" ಮೂರನೆಯ ನಿಮಿಷದ ಹಳೆಯ ಗಂಡಾಂತರ ದಾಟಿದ. ನಾಲ್ಕು ದಾಟಿದ. ಶ್ರೇಯಾಳ ಕಡೆಗೆ ತಿರುಗಿ ಎರಡು ಹೆಜ್ಜೆ ಇಟ್ಟು, "ಮಗಳೇ, ನಾನು ನಿನ್ನನ್ನು..." ಎಂದ.

ನಿಂತ.

ಅಲ್ಲಿ ಕೆಂಪಿಲ್ಲ, ನೀಲಿಯೂ ಇಲ್ಲ. "ಮರೆತೆನೆಂದು ಊರಿಗೆ ಹೇಳಿದೆ, ಒಂದು ದಿನವೂ ಮರೆಯಲಿಲ್ಲ" ಎಂಬುದು ಮುಂದಿನ ಮಾತು. ಅದು ನನ್ನ ತುಟಿಯ ಮೇಲೇ ಇತ್ತು. ಅವನ ಬೆನ್ನು ಒಮ್ಮೆ ಏರಿತು, ಇಳಿಯಲಿಲ್ಲ. ಮುಂದಿನ ಸಾಲಿನಲ್ಲಿ ವಸಂತಿಯಕ್ಕ ಅರ್ಧ ಎದ್ದಳು. ಎತ್ತಿಕೊಡಲೇ? ಮರೆತಿದ್ದು ಕೊಡದಿದ್ದರೆ ನಾಟಕ ಹೋಗುತ್ತದೆ, ಉಸಿರಿಗೆ ನಿಂತಿದ್ದು ಕೊಟ್ಟರೆ ಅವನು ಹೋಗುತ್ತಾನೆ. ನನ್ನ ಬಾಯಿ ತೆರೆಯಿತು.

ಆಗ ಹನುಮಂತನ ಬಲಗೈ ಮೇಲೆ ಹೋಯಿತು.

ಇಲ್ಲದ ಹಿಡಿಕೆಯನ್ನು ಹಿಡಿದು ಅವನು ಸ್ವಲ್ಪ ಎಡಕ್ಕೆ ವಾಲಿದ. ಅವನ ಹಿಂದೆ ಮೂವರು ಪಂಚರ ಕೈಗಳು ಮೇಲೆದ್ದವು. ಶ್ರೇಯಾಳ ಕೈ ಎದ್ದಿತು, ಕಣ್ಣು ಅಪ್ಪನ ಮೇಲೇ ಇತ್ತು. ಎಲ್ಲರೂ ಒಟ್ಟಿಗೆ ಎಡಕ್ಕೆ, ಒಟ್ಟಿಗೆ ಬಲಕ್ಕೆ ತೂಗಿದರು. ಯಾವ ಮುಖದಲ್ಲೂ ಗಾಬರಿಯಿಲ್ಲ. ಸ್ಟೇಷನ್ನಿನ ಹೆಸರು ಮರಾಠಿಯಲ್ಲಿ ಹೇಳಿ ಆಗಬೇಕು, ಹಿಂದಿಯಲ್ಲಿ ಆಗಬೇಕು, ಇಂಗ್ಲಿಷಿನಲ್ಲಿ ಆಗಬೇಕು, ಆಮೇಲೆ ಮಾತು. ಅಲ್ಲಿಯವರೆಗೆ ಇದ್ದ ಭಾವದಲ್ಲೇ ಇರುವುದು. ಎದುರಿಗೆ ಕುಳಿತವರಿಗೆ ಪಂಚರು ಕೈಯೆತ್ತಿ ದೇಸಾಯಿಗೆ ಕ್ಷಮೆ ಕೊಡುತ್ತಿದ್ದಾರೆ ಎನಿಸಿತಂತೆ. ಸಭೆಯಲ್ಲಿ ಯಾರೋ ಬಿಕ್ಕಿದ್ದು ಕೇಳಿಸಿತು.

ಸುಧಾಕರಣ್ಣ ಅವರನ್ನು ನೋಡಿದ. ತನ್ನ ಕೈಯನ್ನೂ ಮೇಲೆತ್ತಿದ. ಅದರ ಮೇಲೆ ಭಾರ ಹಾಕಿದವನ ಹಾಗೆ ಜೋತು ನಿಂತು ಒಮ್ಮೆ ತೂಗಿದ, ಎರಡನೆಯ ಸಲ ತೂಗಿದ. ಬೆನ್ನು ಇಳಿಯಿತು. ಮತ್ತೆ ಏರಿತು. ಉಸಿರು ಒಳಗೆ ಹೋದ ಸದ್ದು ನನ್ನ ಕಿವಿಗೆ ಬಿತ್ತು.

"...ಮರೆತೆನೆಂದು ಊರಿಗೆ ಹೇಳಿದೆ. ಒಂದು ದಿನವೂ ಮರೆಯಲಿಲ್ಲ."

ಆಮೇಲೆ ಅವನು ನಿಲ್ಲಲಿಲ್ಲ. ಕೊನೆಯ ಅಕ್ಷರ ಮುಗಿದಾಗ ಸಭೆ ಎದ್ದು ನಿಂತಿತು. ಮೂರನೆಯ ಸಾಲಿನಿಂದ ಕಾಕಾ ಟೋಪಿ ಎತ್ತಿ, "ವನ್ಸ್ ಮೋರ್! ವನ್ಸ್ ಮೋರ್!" ಎಂದು ಕೂಗಿದರು. ಧಾರಾವಿಯ ಎರಡು ಸಾಲೂ ಕೂಗಿದವು. ನಮ್ಮ ಕಂಪನಿ ನಾಟಕದಲ್ಲಿ ಅದು ನಟನಿಗೆ ಸಿಗುವ ದೊಡ್ಡ ಮರ್ಯಾದೆ. ಕೂಗಿದರೆ ಇನ್ನೊಮ್ಮೆ ಹೇಳಲೇಬೇಕು. ಸುಧಾಕರಣ್ಣ ಎದೆಯುಬ್ಬಿಸಿ ಮುಂದೆ ಬಂದುಬಿಟ್ಟ.

"ಸಾಕು ಮಾರಾಯ್ರೆ! ಒಂದು ಸಲ ಸಾಕು!" ಎಂದು ವಸಂತಿಯಕ್ಕ ಅಳುತ್ತಲೇ ಚೀರಿದಳು.

ಸಭೆಯೆಲ್ಲ ನಕ್ಕಿತು, ಅವನೂ ನಕ್ಕ. ನಾನು ಪುಟ ತಿರುವಲು ಹೋದೆ. ಆಗಲಿಲ್ಲ. ಪುಸ್ತಕ ಎಡಗೈಯಲ್ಲಿತ್ತು. ಬಲಗೈ ನನ್ನ ತಲೆಯ ಮೇಲೆ ಗಾಳಿಯನ್ನು ಹಿಡಿದುಕೊಂಡಿತ್ತು.

ಮನೆಗೆ ಎಲ್ಲರೂ ಒಟ್ಟಿಗೆ ನಡೆದೆವು. ಬಣ್ಣದ ಪೆಟ್ಟಿಗೆಯನ್ನು ಹನುಮಂತ ಹೊತ್ತಿದ್ದ. "ಇದು ನನಗ ಕೊಡ್ತೀರೋ, ಮಂಚದ ಬುಡಕ ಇಡ್ಲೋ?" ಎಂದು ಬಿಲ್ಡಿಂಗಿನ ಕೆಳಗೆ ಕೇಳಿದ. "ಮಂಚದ ಕೆಳಗೆ ಇಡು, ಮುಂದಿನ ತಿಂಗಳು ಬೇಕಲ್ಲ" ಎಂದ ಸುಧಾಕರಣ್ಣ. ಮೆಟ್ಟಿಲು ಹತ್ತಿದೆವು. ಮೊದಲ ಮಾಳಿಗೆಯ ತಿರುವಿನಲ್ಲಿ ಅವನು ನಿಂತು ನೋಟಿಸ್ ಬೋರ್ಡಿನ ಕಡೆ ತಿರುಗಿದ. ಹನುಮಂತ ಪೆಟ್ಟಿಗೆ ಕೆಳಗಿಟ್ಟು ಅದನ್ನೇ ಓದತೊಡಗಿದ. ಶ್ರೇಯಾ ಓದಿದಳು. ವಸಂತಿಯಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಓದಿದಳು. ನನಗೆ ಮರಾಠಿ ಬಾರದು. ಆದರೂ ನೀರಿನ ಟ್ಯಾಂಕು ತೊಳೆಯುವ ಆ ನೋಟಿಸನ್ನು ಮೊದಲಿನಿಂದ ಕೊನೆಯವರೆಗೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಎರಡು ಸಲ ಓದಿದೆ.